ಇಳಿಯಲೊಲ್ಲದ ಅಕ್ಷರ

ಡ್ರಾಯಿಂಗ್ ಟೀಚರ್ ಸುಭದ್ರಾ ಅವರಿಗೊಂದು ಅಭ್ಯಾಸ. ಸರ್ಟಿಫಿಕೇಟಿನ ಮೇಲೆ ಒಂದು ಮಗುವಿನ ಹೆಸರು ಒತ್ತಿದ ಕೂಡಲೇ ಠಸ್ಸೆಯನ್ನು ಡಬ್ಬಿಯ ಅಂಚಿಗೆ ಮೂರು ಸಲ ಕುಟ್ಟುತ್ತಿದ್ದರು. ಅದರಲ್ಲಿ ಜೋಡಿಸಿದ್ದ ರಬ್ಬರ್ ಅಕ್ಷರಗಳೆಲ್ಲ ಉದುರಿ, ಮುಂದಿನ ಹೆಸರಿಗೆ ಜಾಗವಾಗುತ್ತಿತ್ತು.

ಅಂದು ಜಮುನಾ ಎಂದು ಒತ್ತಿದ ಮೇಲೆ ಎರಡು ಏಟು ಬಿದ್ದರೂ 'ಜ' ಮಾತ್ರ ಇಳಿಯಲಿಲ್ಲ.

ಠಸ್ಸೆ ಗದರಿತು: "ಇಳಿಯಪ್ಪಾ! ಮುಂದಿನವಳು ಫಕೀರವ್ವ. ಓಟದಲ್ಲಿ ಸದಾ ಕೊನೆಗೆ ಬರುತ್ತಿದ್ದವಳಿಗೆ ಇದು ಮೊಟ್ಟಮೊದಲ ಬಹುಮಾನ. ನೀನು ಇಲ್ಲೇ ಕೂತರೆ ಅವಳು ಜಫಕೀರವ್ವ ಆಗುತ್ತಾಳೆ. ಇಡೀ ಶಾಲೆ ನಗುತ್ತದೆ."

"ಇಲ್ಲಿರುವ ತನಕ ನಾನು ಜಮುನಾ. ಡಬ್ಬಿಗೆ ಬಿದ್ದರೆ ಬರೀ ರಬ್ಬರ್ ಚೂರು. ಹೇಗೆ ಇಳಿಯಲಿ?"

"ಕಿಟಕಿಯ ಕಡೆ ನೋಡು."

'ಜ' ನೋಡಿತು. ಜಮುನಾಳ ಸರ್ಟಿಫಿಕೇಟು ಬಿಸಿಲಿಗೆ ಒಣಗುತ್ತಿತ್ತು. ಯಾರೂ ಹಿಡಿದುಕೊಳ್ಳದಿದ್ದರೂ ಹೆಸರು ನೆಟ್ಟಗೆ ನಿಂತಿತ್ತು.

"ನೆನಪಿಟ್ಟುಕೊಳ್ಳುವುದು ಹಾಳೆಯ ಕೆಲಸ," ಎಂದಿತು ಠಸ್ಸೆ. "ನಾವು ಮರೆತರೇನೇ ಮುಂದಿನವರ ಹೆಸರು ಸರಿಯಾಗಿ ಮೂಡುವುದು."

ಮೂರನೇ ಏಟು ಬಿತ್ತು. 'ಜ' ಹಿಡಿತ ಬಿಟ್ಟು ಡಬ್ಬಿಗೆ ಜಾರಿತು. ಹಾಳೆಯ ಮೇಲೆ ಫಕೀರವ್ವ ಎಂಬ ಹೆಸರು ಅಚ್ಚುಕಟ್ಟಾಗಿ ಮೂಡಿತು.

ಟೀಚರ ಬೆರಳು ಪಟ್ಟಿಯಲ್ಲಿ ಕೆಳಗಿಳಿದು ಮುಂದಿನ ಹೆಸರಿನ ಮೇಲೆ ನಿಂತಿತು: ಜನ್ನತ್.

ಡಬ್ಬಿಯ ತಳದಲ್ಲಿದ್ದ 'ಜ'ಕ್ಕೆ ಪಟ್ಟಿ ಕಾಣುತ್ತಿರಲಿಲ್ಲ. ಅದು ಮೆಲ್ಲಗೆ ಕೇಳಿತು: "ಅಣ್ಣಾ, ಯಾರ ಹೆಸರಾದರೂ ಸರಿ. ಇನ್ನೊಂದು ಸಲ ನನ್ನನ್ನು ಕರೆಯುತ್ತೀಯಾ?"