ಬ್ರೇಕಿನ ಮೇಲೆ ಸಿಡುಕಿದ ಸೈರನ್

ಬೆಂಕಿಯನ್ನೂ ನೀರನ್ನೂ ಒಂದೇ ಕೈಯಲ್ಲಿ ಹಿಡಿದ ಭಗವಂತನಿಗೆ ಶರಣೆಂದು ಈ ಕಥೆ ಹೇಳುತ್ತೇನೆ.

ಬೆಳಗಿನಿಂದ ಎರಡು ಕಡೆ ಬೆಂಕಿ ಆರಿಸಿ ದಣಿದಿದ್ದ ಅಗ್ನಿಶಾಮಕ ಗಾಡಿ ಮೂರನೆಯ ಕರೆಗೆ ಹೊರಟಿತ್ತು. ಹಿಟ್ಟಿನ ಗಿರಣಿ ಹೊತ್ತಿಕೊಂಡು, ಅದರ ಮೇಲಿನ ಮನೆಯಲ್ಲಿ ಬಾಣಂತಿಯೂ ಕೂಸೂ ಸಿಕ್ಕಿಕೊಂಡಿದ್ದರು. ಸರ್ಕಲ್ ಹತ್ತಿರ ಬರುತ್ತಲೇ ಚಾಲಕ ಫಕೀರಪ್ಪ ಬ್ರೇಕಿನ ಮೇಲೆ ಕಾಲಿಟ್ಟ.

ಸೈರನ್ ಸಿಡುಕಿತು: "ಬ್ರೇಕಣ್ಣಾ, ಅಲ್ಲಿ ಕೂಸು ಹೊಗೆ ಕುಡಿಯುತ್ತಿದೆ, ನಿನಗಿಲ್ಲಿ ಆಕಳಿಕೆಯೇ? ನನ್ನ ಕೂಗಿಗೆ ಊರೇ ಪಕ್ಕಕ್ಕೆ ಸರಿಯುತ್ತದೆ."

"ಕೇಳಿಸಿದರೆ ಸರಿಯುತ್ತದೆ, ತಮ್ಮಾ," ಎನ್ನುತ್ತ ಸವೆದ ಬ್ರೇಕು ಗಾಡಿಯನ್ನು ನಿಲ್ಲಿಸಿಯೇಬಿಟ್ಟಿತು.

ಅಷ್ಟರಲ್ಲಿ ಅದೇ ಗಿರಣಿಗೆ ಹೊರಟಿದ್ದ ಇನ್ನೊಂದು ಠಾಣೆಯ ಅಗ್ನಿಶಾಮಕ ಗಾಡಿ ಅಡ್ಡರಸ್ತೆಯಿಂದ ನುಗ್ಗಿ, ಇವರ ಮೂತಿಯ ಮುಂದೆ ಗೇಣು ದೂರದಲ್ಲಿ ಹಾದುಹೋಯಿತು.

ಸೈರನ್ ದನಿ ತಗ್ಗಿಸಿ ಕೇಳಿತು: "ಅಣ್ಣಾ, ಆ ಗಾಡಿಯವನಿಗೆ ನನ್ನ ಕೂಗು ಕೇಳಿಸಲಿಲ್ಲವೇ?"

"ಅವನೂ ಕೂಗುತ್ತಿದ್ದನಲ್ಲಪ್ಪಾ. ನಿನಗೆ ಅವನದು ಕೇಳಿಸಿತೇ?"

ಎರಡೂ ಗಾಡಿಗಳು ಗಿರಣಿ ಮುಟ್ಟಿದವು. ಒಂದು ನೀರು ಹೊಡೆಯಿತು; ಇನ್ನೊಂದರ ಏಣಿಯಿಂದ ತಾಯಿ ಕೂಸನ್ನು ಅಪ್ಪಿಕೊಂಡು ಇಳಿದಳು.

ಕೇಳಿದ ನಿಮ್ಮೆಲ್ಲರನ್ನೂ, ನಿಮಗಾಗಿ ಓಡಿ ಬರುವವರನ್ನೂ ದೇವರು ಕ್ಷೇಮವಾಗಿ ಗುರಿ ಮುಟ್ಟಿಸಲಿ.