ವಿಆರ್ ಕನ್ನಡಕವೂ ಅಳಗುಳಿ ಮಣೆಯೂ

ಒಂದು ಮನೆಯ ಕಪಾಟಿನಲ್ಲಿ ವಿಆರ್ ಆಟದ ಕನ್ನಡಕವೊಂದು ಹಳೆಯ ಅಳಗುಳಿ ಮಣೆಯ ಪಕ್ಕ ಧೂಳು ತಿನ್ನುತ್ತಾ ಕೂತಿತ್ತು. ನಾಳೆ ಬರುವ ನೆಂಟರಲ್ಲಿ ಯಾರಿಗಾದರೂ ಆ ಕನ್ನಡಕವನ್ನು ಕೊಟ್ಟುಬಿಡೋಣವೆಂದು ಮನೆಯವರು ಮಾತಾಡಿಕೊಂಡಿದ್ದರು.

“ಅಜ್ಜಿ, ನನ್ನೊಳಗೆ ಕಡಲಿದೆ, ಚಂದ್ರಲೋಕವಿದೆ. ನಿಮ್ಮಲ್ಲಿರುವುದು ಹದಿನಾಲ್ಕು ಗುಳಿ, ಒಂದು ಹಿಡಿ ಹುಣಸೆಬೀಜ. ಆದರೂ ನಿಮ್ಮದು ಮನೆಮನೆಯ ಆಟ. ನಾನು ಹಾಗಾಗುವುದು ಯಾವಾಗ?” ಎಂದು ಕನ್ನಡಕ ಅಲವತ್ತುಕೊಂಡಿತು.

ಮಣೆ ನಕ್ಕಿತು. “ನನ್ನ ಮುಂದೆ ಇಬ್ಬರು ಕೂತರೆ, ಸುತ್ತ ನಿಂತವರೆಲ್ಲ ‘ಆ ಗುಳಿ ಬೇಡ, ಈ ಗುಳಿಯಿಂದ ಎತ್ತು’ ಎಂದು ಬಾಯಿ ಹಾಕುತ್ತಾರೆ. ನೀನೋ, ಒಬ್ಬರ ಕಣ್ಣು ಕಟ್ಟಿ ಉಳಿದವರನ್ನು ಸುಮ್ಮನೆ ಕೂರಿಸುತ್ತೀಯೆ.”

ಮರುದಿನ ನೆಂಟರ ನಡುವೆ ವನಜಾಕ್ಷಿ ಅತ್ತೆ ಕನ್ನಡಕ ಹಾಕಿಕೊಂಡರು. ಅದು ಎಂದೂ ಕೇಳದಿದ್ದ ಪ್ರಶ್ನೆ ಕೇಳಿತು: “ಟಿವಿಯಲ್ಲೂ ತೋರಿಸಲೇ?”

“ಧಾರಾಳವಾಗಿ ತೋರಿಸಪ್ಪ,” ಎಂದರು ಅತ್ತೆ.

ಕಡಲು ಟಿವಿಗೆ ಬಂತು. “ಅತ್ತೇ, ತಿಮಿಂಗಿಲ ಬಂತು! ಎಡಕ್ಕೆ ತಿರುಗಿ! ಬಗ್ಗಿ!” ಎಂದು ಎಲ್ಲರೂ ಎದ್ದು ನಿಂತು ಕೂಗಿದರು. ಕೊಟ್ಟುಬಿಡುವ ಮಾತು ಮರೆತೇ ಹೋಯಿತು.

ಕಪಾಟಿಗೆ ಮರಳಿದ ಕನ್ನಡಕ ಮಣೆಗೆ ತಲೆಬಾಗಿತು. “ನಿಮ್ಮ ಉಪಕಾರ ಮರೆಯಲಾರೆ ಅಜ್ಜಿ. ಇವತ್ತು ನನ್ನ ಜೊತೆ ಒಂಬತ್ತು ಜನ ಆಡಿದರು.”

“ಎಷ್ಟು ಜನ ಹಾಕಿಕೊಂಡರು?”

“ಒಬ್ಬರೇ.”