ಸುರಿಯದೆ ಕೊಟ್ಟ ತೋಟೆ

ಶಿಷ್ಯ ಕೇಳಿದ: “ಗುರುಗಳೇ, ಕಷ್ಟದಲ್ಲಿರುವವನೊಬ್ಬ ಬಂದು ಏನು ಮಾಡಲಿ ಎಂದು ಕೇಳುತ್ತಾನೆ. ನನಗೆ ಅದು ಪೂರ್ತಿ ಗೊತ್ತಿಲ್ಲ. ಗೊತ್ತಿಲ್ಲ ಎಂದುಬಿಟ್ಟರೆ ಅವನು ಅಲ್ಲೇ ಕುಸಿಯುತ್ತಾನೆ. ಅಂಥ ಹೊತ್ತಿನಲ್ಲಿ ತೋಚಿದ್ದನ್ನೇ ಗಟ್ಟಿಯಾಗಿ ಹೇಳಿ, ಧೈರ್ಯ ಕೊಟ್ಟು ಕಳುಹಿಸಿದರೆ ತಪ್ಪೇ?”

ಗುರು ಒಂದು ಕತೆ ಹೇಳತೊಡಗಿದರು.

ಕಾಡಿನ ಅಂಚಿನ ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಆ ಊರಿನ ಜೋಳದ ಹೊಲಗಳಿಗೆ ಹಂದಿಗಳ ಕಾಟ. ಹಲವರ ಮನೆಯಲ್ಲಿ ಕೋವಿ ಇತ್ತು. ಆದರೆ ಹಾರಿಸಿದ ಹಿತ್ತಾಳೆ ತೋಟೆಗಳಿಗೆ ಮತ್ತೆ ಮದ್ದು, ಗುಂಡು ತುಂಬುವವನು ಈ ರೈತನೊಬ್ಬನೇ. ಖಾಲಿ ತೋಟೆಗಳು ಅವನ ಮನೆಗೆ ಬರುತ್ತಿದ್ದವು, ತುಂಬಿದವು ಅವರವರ ಮನೆಗೆ ಹೋಗುತ್ತಿದ್ದವು.

ತುಂಬಲು ಕೂರುವಾಗ ಅವನಿಗೆ ಕೆಲವು ಪದ್ಧತಿಗಳಿದ್ದವು. ಮೊದಲು ಒಲೆ ಆರಿಸಬೇಕು. ಕೈ ತೊಳೆದು ಒಣಗಿಸಿ, ಬೆರಳಿನ ಉಂಗುರ ತೆಗೆದಿಡಬೇಕು. ಬಾಯಲ್ಲಿ ಎಲೆಯಡಿಕೆ ಇರಬಾರದು. ಹಳೆಯ ಪಂಚೆಯೊಂದನ್ನು ಹಾಸಿ, ಖಾಲಿ ತೋಟೆಗಳನ್ನು ಬೋರಲಾಗಿ ನಿಲ್ಲಿಸಬೇಕು. ಮದ್ದು ಹಾಕಿದ ಕೂಡಲೇ “ಮದ್ದು ಬಿತ್ತು” ಎಂದು ತನಗೆ ಕೇಳುವಷ್ಟು ಹೇಳಿಕೊಳ್ಳಬೇಕು. ಮದ್ದಿನ ಮೇಲೆ ರಟ್ಟಿನ ಬಿಲ್ಲೆ ಒತ್ತಿ “ಬಿಲ್ಲೆ ಕೂತಿತು” ಎನ್ನಬೇಕು. ನಡುವೆ ಯಾರಾದರೂ ಮಾತಾಡಿಸಿದರೆ ಮುಗಿಯಿತು. ಕೈಯಲ್ಲಿದ್ದ ತೋಟೆಯನ್ನು ಸುರಿದು ಮೊದಲಿನಿಂದ ಶುರು ಮಾಡುತ್ತಿದ್ದ.

ಅವನು ತರಿಸುತ್ತಿದ್ದದ್ದು ಬಿರುಸು ಮದ್ದು. ಅದರ ಅಳತೆ ಸಣ್ಣದು. ಮರೆತು ಎರಡು ಸಲ ಹಾಕಿದರೂ ಹೊರಗಿನಿಂದ ತಿಳಿಯುವುದಿಲ್ಲ. ತಿಳಿಯುವುದು ಕೋವಿಯ ನಳಿಗೆ ಹಾರಿಸಿದವನ ಮುಖದ ಮುಂದೆ ಸಿಡಿದಾಗ.

ಊರಿನವರು ನಗುತ್ತಿದ್ದರು. “ಇವನು ತೋಟೆ ತುಂಬುತ್ತಾನೋ, ದೇವರಿಗೆ ನೈವೇದ್ಯ ಇಡುತ್ತಾನೋ?” ಎನ್ನುತ್ತಿದ್ದರು. ಅವನ ಹೆಂಡತಿಯೂ ಬಿಡುತ್ತಿರಲಿಲ್ಲ. “ಇವತ್ತು ನಮ್ಮ ಒಲೆಗೆ ಏಕಾದಶಿ. ತಂಗಳು ತಿನ್ನುವವರು ಬನ್ನಿ” ಎಂದು ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು. ಅವನು ಯಾರಿಗೂ ಎದುರಾಡುತ್ತಿರಲಿಲ್ಲ.

ಸುಗ್ಗಿಯ ಒಂದು ಬೆಳಿಗ್ಗೆ ಅವನು ತೋಟೆ ತುಂಬುತ್ತ ಕೂತಿದ್ದಾಗ ನೆರೆಮನೆಯವನು ಓಡಿ ಬಂದ. ಉರುಳಿನಿಂದ ಕಿತ್ತುಕೊಂಡು ಬಂದ ಒಂಟಿ ಹಂದಿ ಅವನ ಹೊಲಕ್ಕೆ ನುಗ್ಗಿತ್ತು. ಗಾಯಕ್ಕೆ ಹುಚ್ಚೆದ್ದು ಒಂದು ಎತ್ತಿನ ಹೊಟ್ಟೆ ಸೀಳಿತ್ತು. ತೆನೆ ಕೊಯ್ಯುತ್ತಿದ್ದ ಹೆಂಗಸರು ಕಾವಲಿನ ಅಟ್ಟಣೆ ಹತ್ತಿದ್ದರು. ಅವನ ತುಂಬು ಬಸುರಿ ಹೆಂಡತಿಯೂ ಅವರ ಜೊತೆ ಇದ್ದಳು. ಹಂದಿ ಅಟ್ಟಣೆಯ ಗಳುಗಳನ್ನು ಕೋರೆಯಿಂದ ಸೀಳುತ್ತಿತ್ತು. ನೆರೆಯವನ ಹೆಗಲ ಮೇಲೆ ಕೋವಿ ಇತ್ತು, ತೋಟೆ ಇರಲಿಲ್ಲ.

“ಅಣ್ಣಾ, ಒಂದು ತೋಟೆ ಕೊಡು” ಎಂದ.

ರೈತನ ಕೈಯಲ್ಲಿ ತುಂಬುತ್ತಿದ್ದ ತೋಟೆ ಇತ್ತು. ಉಳಿದವೆಲ್ಲ ಖಾಲಿಯಾಗಿ ಬೋರಲಾಗಿದ್ದವು. “ನಿಲ್ಲು. ಇದನ್ನು ಸುರಿದು ಮತ್ತೆ ತುಂಬಿಕೊಡುತ್ತೇನೆ.”

“ನಿನ್ನ ಮಡಿ ಮುಗಿಯುವಷ್ಟರಲ್ಲಿ ಅಟ್ಟಣೆ ಬಿದ್ದಿರುತ್ತದೆ. ಅದೇ ಆಗಲಿ, ಕೊಡು. ಅಲ್ಲಿರುವುದು ನಿನ್ನ ಹೆಂಡತಿಯಾಗಿದ್ದರೆ ಸುರಿಯುತ್ತಾ ಕೂರುತ್ತಿದ್ದೆಯಾ?”

ರೈತ ಆ ಮಾತಿಗೆ ಸೋತ. ಸುರಿಯಲಿಲ್ಲ. ಅವಸರದಲ್ಲಿ ಮದ್ದು ಹಾಕಿ, ಬಿಲ್ಲೆ ಒತ್ತಿ, ಗುಂಡು ಇಳಿಸಿ, ತೋಟೆಯ ಬಾಯಿ ಮುಚ್ಚಿ ಕೊಟ್ಟ. ನೆರೆಯವನು ಓಡಿದ.

ಇನ್ನೊಂದು ಬೇಕಾದೀತೆಂದು ರೈತ ಮುಂದಿನ ತೋಟೆ ಎತ್ತಿಕೊಂಡ. ಅಳತೆ ಸುರಿದು “ಮದ್ದು ಬಿತ್ತು” ಎಂದ. ಎಂದವನು ಹಾಗೆಯೇ ಕೂತ. ಕೊಟ್ಟ ತೋಟೆಗೆ ಈ ಮಾತು ಹೇಳಿದ್ದು ಅವನಿಗೆ ನೆನಪಾಗಲಿಲ್ಲ. ನೆರೆಯವನು ಬಂದ ಮೇಲೆ ಮದ್ದು ಹಾಕಿದ್ದು ನೆನಪಿತ್ತು. ಅವನು ಬರುವ ಮೊದಲೇ ಒಂದು ಅಳತೆ ಹಾಕಿಯಾಗಿತ್ತೇ? ಎಷ್ಟು ಹುಡುಕಿದರೂ ತಿಳಿಯಲಿಲ್ಲ.

ಮದ್ದಿನ ಡಬ್ಬಿಯ ಬಾಯಿ ಸಹ ಮುಚ್ಚದೆ ಅವನು ಎದ್ದು ಓಡಿದ.

ಹೊಲದ ಬದುವಿಗೆ ಬಂದಾಗ ಎಲ್ಲ ಕಾಣಿಸಿತು. ಅಟ್ಟಣೆ ಒಂದು ಕಡೆಗೆ ವಾಲಿತ್ತು. ಮೇಲಿನಿಂದ ಒಂದು ದನಿಯೂ ಇಲ್ಲ. ಹಂದಿ ಗಳುವಿಗೆ ಹಣೆ ಹಚ್ಚಿ ನಿಂತಿತ್ತು, ಅದಕ್ಕೆ ಬೆನ್ನ ಹಿಂದಿನ ಮನುಷ್ಯನ ಅರಿವಿರಲಿಲ್ಲ. ನೆರೆಯವನು ಮಂಡಿಯೂರಿ ಕೋವಿಯನ್ನು ಕೆನ್ನೆಗೆ ಒತ್ತಿ ಗುರಿ ಹಿಡಿದಿದ್ದ. ಕೂಗಿದರೆ ಹಂದಿ ತಿರುಗುತ್ತದೆ. ಕೂಗದಿದ್ದರೆ ಆ ಕೆನ್ನೆ ಉಳಿಯುತ್ತದೆಯೋ ಇಲ್ಲವೋ.

“ಹೊಡೀಬೇಡ, ಕೋವಿ ಬಿಸಾಡು” ಎಂದು ರೈತ ಕೂಗಿದ.

ಇಷ್ಟು ವರ್ಷ ಅವನ ಕೈಯ ತೋಟೆಯನ್ನು ನಂಬಿದ್ದ ನೆರೆಯವನು ಅವನ ಮಾತನ್ನೂ ನಂಬಿದ. ಕೋವಿ ಬಿಸಾಡಿದ. ಹಂದಿ ತಿರುಗಿ ಬಂದು ಅವನ ತೊಡೆಯನ್ನು ಮೂಳೆ ಕಾಣುವಂತೆ ಸೀಳಿತು. ಅಷ್ಟರಲ್ಲಿ ಊರಿನವರು ನಾಯಿಗಳೊಂದಿಗೆ ಬಂದು ಭರ್ಜಿಯಿಂದ ತಿವಿದು ಅದನ್ನು ಕೊಂದರು. ಹೆಂಗಸರನ್ನು ಇಳಿಸಿಕೊಂಡರು. ನೆರೆಯವನು ಬದುಕಿದ. ಆ ಕಾಲು ಮಾತ್ರ ಮತ್ತೆ ನೆಲಕ್ಕೆ ಊರಲಿಲ್ಲ.

ಅಂದೇ ರೈತ ಕೋವಿಯಿಂದ ತೋಟೆಯನ್ನು ತೆಗೆದು ಎಲ್ಲರ ಮುಂದೆ ಬಿಚ್ಚಿದ. ಮದ್ದನ್ನು ಅಂಗೈಗೆ ಸುರಿದು, ಅಳತೆಗೆ ಹಾಕಿ ನೋಡಿದ. ಒಂದೇ ಅಳತೆ ಇತ್ತು. ಹೆಚ್ಚಿಲ್ಲ, ಕಡಿಮೆ ಇಲ್ಲ.

ಯಾರೂ ನಗಲಿಲ್ಲ. ನೆರೆಯವನ ಹೆಂಡತಿ ಮುಂದೆ ಬಂದಳು. “ನಿನ್ನ ಒಂದು ಕೂಗಿಗೆ ನನ್ನ ಗಂಡನ ಕಾಲು ಹೋಯಿತಲ್ಲೋ ಪುಣ್ಯಾತ್ಮ. ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಆಗುತ್ತಿರಲಿಲ್ಲವೇ?”

“ಕೂಗಿದ್ದಕ್ಕೆ ಹೋಗಲಿಲ್ಲ ತಾಯಿ. ನಾನು ಸುರಿಯದೆ ತೋಟೆ ಕೊಟ್ಟಾಗಲೇ ಹೋಯಿತು” ಎಂದ ರೈತ.

ಆಮೇಲೆ ಆ ಮನೆಯ ಹೊಲವನ್ನೂ ಅವನೇ ಉತ್ತ. ಅವಳು ಬೇಡ ಎನ್ನಲಿಲ್ಲ. ಅವನ ಜೊತೆ ಮಾತನ್ನೂ ಆಡಲಿಲ್ಲ.

ಗುರು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಕೊಂಚ ಹಗುರವಾಯಿತು. “ಆದರೆ ಗುರುಗಳೇ, ಕೊನೆಗೆ ನೋಡಿದರೆ ತೋಟೆ ಸರಿಯಾಗಿಯೇ ಇತ್ತಲ್ಲ” ಎಂದ.

ಗುರು ಎದ್ದು ಮೆಟ್ಟು ಹಾಕಿಕೊಳ್ಳುತ್ತ ಕೇಳಿದರು: “ನಿನ್ನೆ ನೀನು ಪೂರ್ತಿ ಗೊತ್ತಿಲ್ಲದೆ ಧೈರ್ಯ ಹೇಳಿ ಕಳುಹಿಸಿದೆಯಲ್ಲ, ಆ ಮನುಷ್ಯ ಯಾವ ಕಡೆಗೆ ಹೋದನಪ್ಪ?”